ಮೈಲುತುತ್ತ ಮತ್ತು ಕಣ್ಣಿನ ಉಂಗುರ: ಕಾಫಿ ಸೀಮೆಯಿಂದ ನೋಡಿದ ತಾಮ್ರದ ಚರಿತ್ರೆ

ಮಳೆಗಾಲ ಹಿಡಿಯುವ ಮುನ್ನ ನೀವು ಚಿಕ್ಕಮಗಳೂರಿನಿಂದ ಮೂಡಿಗೆರೆಗೆ, ಅಲ್ಲಿಂದ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋಗಿದ್ದರೆ, ದಾರಿಯ ಎರಡೂ ಬದಿಯ ತೋಟಗಳಲ್ಲಿ ಒಂದು ನೋಟವನ್ನು ಕಂಡಿರುತ್ತೀರಿ. ದೊಡ್ಡ ಡ್ರಮ್ಮುಗಳಲ್ಲಿ ತಿಳಿನೀಲಿ ಬಣ್ಣದ ದ್ರಾವಣ, ಅದನ್ನು ಗಿಡಗಳಿಗೆ ಹೊಡೆಯುತ್ತಿರುವ ಆಳುಗಳು, ಒಣಗಿದ ಮೇಲೆ ಕಾಫಿ ಎಲೆಗಳ ಮೇಲೆ ಉಳಿಯುವ ನೀಲಿ ಪುಡಿ. ಇದು ಬೋರ್ಡೋ ದ್ರಾವಣ. ಮೈಲುತುತ್ತ, ಸುಣ್ಣ ಮತ್ತು ನೀರು, ಇಷ್ಟೇ ಇದರ ಸಾಮಗ್ರಿ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ನವಿಲಿನ ಕತ್ತಿನ ಬಣ್ಣವನ್ನು ಹೋಲುವುದರಿಂದ ಈ ಹೆಸರು.

ಇದೇ ತಾಮ್ರ ನಿಮ್ಮ ದೇಹದಲ್ಲೂ ಇದೆ. ಅದು ಇಲ್ಲದೆ ನೀವು ಬದುಕಲಾರಿರಿ, ಹೆಚ್ಚಾದರೂ ಬದುಕಲಾರಿರಿ. ಅದು ಹೆಚ್ಚಾಗಿದೆ ಎಂಬ ಸುದ್ದಿಯನ್ನು ವೈದ್ಯರಿಗೆ ಮೊದಲು ಮುಟ್ಟಿಸಿದ್ದು ರಕ್ತವೂ ಅಲ್ಲ, ಮೂತ್ರವೂ ಅಲ್ಲ, ಕಣ್ಣು. ತೋಟದ ತಾಮ್ರ ಮತ್ತು ಕಣ್ಣಿನ ತಾಮ್ರದ ಕಥೆಗಳು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಬೆಳೆದವು. ಅವೆರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ಲೇಶಲೋಹಗಳು

ದೇಹದಲ್ಲಿ ಅತ್ಯಲ್ಪ ಪ್ರಮಾಣದಲ್ಲಿದ್ದು ಅತ್ಯಗತ್ಯ ಕೆಲಸ ಮಾಡುವ ಲೋಹಗಳನ್ನು ಲೇಶಲೋಹಗಳೆನ್ನುತ್ತೇವೆ. ವಯಸ್ಕನೊಬ್ಬನ ದೇಹದಲ್ಲಿ ಕಬ್ಬಿಣ ಸುಮಾರು 3ರಿಂದ 4 ಗ್ರಾಂ, ಸತು 2ರಿಂದ 3 ಗ್ರಾಂ ಇದ್ದರೆ, ತಾಮ್ರ ಬರೀ 0.1 ಗ್ರಾಂ ಆಸುಪಾಸು. ಈಗ ಒಂದು ಸಣ್ಣ ಲೆಕ್ಕ ಮಾಡಿ. ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಬೇಕು. ಮೈಲುತುತ್ತದ ಅಣುತೂಕ 249.7, ಅದರಲ್ಲಿ ತಾಮ್ರದ ಪಾಲು 63.5. ಅಂದರೆ ಒಂದು ಕಿಲೋದಲ್ಲಿ ಸುಮಾರು 254 ಗ್ರಾಂ ತಾಮ್ರ. ತೋಟದ ಅರ್ಧ ಡ್ರಮ್ಮಿನಲ್ಲಿ ಎರಡೂವರೆ ಸಾವಿರ ಜನರ ದೇಹದಲ್ಲಿರುವಷ್ಟು ತಾಮ್ರವಿರುತ್ತದೆ!

ಈ 0.1 ಗ್ರಾಂ ತಾಮ್ರದ ಕೆಲಸ ಕಡಿಮೆಯದಲ್ಲ. ಉಸಿರಾಟದ ಆಮ್ಲಜನಕವನ್ನು ಜೀವಕೋಶ ಬಳಸಿಕೊಳ್ಳಲು, ಕಬ್ಬಿಣ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಲು, ಚರ್ಮ ಮತ್ತು ಕೂದಲಿಗೆ ಬಣ್ಣ ಬರಲು ತಾಮ್ರವಿರುವ ಕಿಣ್ವಗಳು ಬೇಕು. ದಿನವೊಂದಕ್ಕೆ ನಮಗೆ ಬೇಕಾದದ್ದು 1ರಿಂದ 2 ಮಿಲಿಗ್ರಾಂ. ಅದು ರಾಗಿ, ಬೇಳೆ, ಕಾಯಿ, ಸೊಪ್ಪುಗಳಿಂದ ಸಲೀಸಾಗಿ ದೊರೆಯುತ್ತದೆ. ಹೆಚ್ಚಾದದ್ದನ್ನು ಪಿತ್ತಜನಕಾಂಗವು ಪಿತ್ತರಸದ ಮೂಲಕ ಕರುಳಿಗೆ ಸುರಿದು ಹೊರಹಾಕುತ್ತದೆ. ಈ ಒಂದು ಬಾಗಿಲು ಮುಚ್ಚಿದರೆ ಏನಾಗುತ್ತದೆ? ಅದನ್ನು ಮುಂದೆ ನೋಡೋಣ. ಮೊದಲು ತೋಟಕ್ಕೆ ಹೋಗೋಣ.

ತುಕ್ಕು ಮತ್ತು ಕೊಳೆ

1869ರಲ್ಲಿ ಸಿಂಹಳದ ಕಾಫಿ ತೋಟಗಳಲ್ಲಿ ಎಲೆಯ ಅಡಿಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಇಂಗ್ಲೆಂಡಿನ ಶಿಲೀಂಧ್ರ ತಜ್ಞ ಬರ್ಕ್ಲಿಯವರು ಅದಕ್ಕೆ ಹೆಮಿಲಿಯ ವಾಸ್ಟಾಟ್ರಿಕ್ಸ್ ಎಂದು ಹೆಸರಿಟ್ಟರು. ಎರಡನೆಯ ಪದಕ್ಕೆ ಹಾಳುಗೆಡಹುವುದು ಎಂದರ್ಥ. ಹೆಸರಿಗೆ ತಕ್ಕಂತೆ ಅದು ಸಿಂಹಳದ ಕಾಫಿ ಉದ್ಯಮವನ್ನೇ ಅಳಿಸಿಹಾಕಿ, ಆ ದ್ವೀಪವನ್ನು ಚಹಾದ ಕಡೆಗೆ ತಿರುಗಿಸಿತು. ಬಹುಬೇಗ ಈ ತುಕ್ಕು ರೋಗ ನಮ್ಮ ಬೆಟ್ಟಗಳಿಗೂ ಬಂತು.

ಇದರ ಜೊತೆಗೆ ನಮ್ಮಲ್ಲಿ ಇನ್ನೊಂದು ರೋಗವಿತ್ತು. ಮುಂಗಾರಿನ ಬಿಡದ ಮಳೆಯಲ್ಲಿ ಎಲೆಗಳು ಕಪ್ಪಾಗಿ ಕೊಳೆತು, ಶಿಲೀಂಧ್ರದ ಎಳೆಗಳಿಂದ ಜೋತಾಡುತ್ತಿದ್ದವು. ತೋಟದವರು ಇದನ್ನು ಕೊಳೆರೋಗವೆಂದೇ ಕರೆಯುತ್ತಿದ್ದರು. 1876ರಲ್ಲಿ ಕುಕ್ ಎಂಬ ಬ್ರಿಟಿಷ್ ವಿಜ್ಞಾನಿ ಈ ಶಿಲೀಂಧ್ರವನ್ನು ವರ್ಣಿಸುವಾಗ ಪೆಲ್ಲಿಕ್ಯುಲೇರಿಯ ಕೊಳೆರೋಗ ಎಂದು ಹೆಸರಿಟ್ಟರು. ಹೀಗೆ ಒಂದು ಕನ್ನಡ ಪದ ಲ್ಯಾಟಿನ್ ಹೆಸರುಗಳ ಪಟ್ಟಿಗೆ ಸೇರಿತು. ನಿಮ್ಮ ವಿದ್ಯಾರ್ಥಿಗಳಿಗೆ ದ್ವಿನಾಮ ಪದ್ಧತಿಯನ್ನು ಹೇಳಿಕೊಡುವಾಗ ಈ ಉದಾಹರಣೆಯನ್ನು ಕೊಡಬಹುದು.

ಔಷಧ ಸಿಕ್ಕಿದ್ದು ಬೇರೆಯೇ ದೇಶದಲ್ಲಿ, ಬೇರೆಯೇ ಬೆಳೆಯಲ್ಲಿ. 1882ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಸಸ್ಯವಿಜ್ಞಾನ ಪ್ರಾಧ್ಯಾಪಕ ಮಿಲಾರ್ಡೆ ದ್ರಾಕ್ಷಿ ತೋಟವೊಂದರ ಬಳಿ ಹೋಗುತ್ತಿದ್ದರು. ಎಲ್ಲೆಡೆ ಬಳ್ಳಿಗಳು ಬೂಜು ರೋಗದಿಂದ ಎಲೆ ಉದುರಿಸಿ ನಿಂತಿದ್ದರೂ ರಸ್ತೆ ಬದಿಯ ಬಳ್ಳಿಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಿದಾಗ, ದಾರಿಹೋಕರು ಹಣ್ಣು ಕೀಳದಿರಲೆಂದು ವಿಷದಂತೆ ಕಾಣುವ ತುತ್ತ-ಸುಣ್ಣದ ಮಿಶ್ರಣವನ್ನು ಎರಚಿದ್ದಾಗಿ ತಿಳಿಯಿತು. ಕಳ್ಳರಿಗೆಂದು ಎರಚಿದ್ದು ಶಿಲೀಂಧ್ರವನ್ನು ತಡೆದಿತ್ತು. ರಸಾಯನವಿಜ್ಞಾನಿ ಗೇಯೋನ್ ಅವರ ಜೊತೆ ಪ್ರಯೋಗಗಳನ್ನು ನಡೆಸಿ, ಮಿಲಾರ್ಡೆ 1885ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು.

ಮೈಸೂರು ಸಂಸ್ಥಾನದಲ್ಲಿ ಈ ದ್ರಾವಣವನ್ನು ರೈತರ ಕೈಗೆ ತಲುಪಿಸಿದ ಕೀರ್ತಿ ಬಹುಪಾಲು ಲೆಸ್ಲಿ ಕೋಲ್ಮನ್ ಅವರದು. ಕೆನಡಾ ದೇಶದ ಇವರು 1908ರಲ್ಲಿ ಸಂಸ್ಥಾನದ ಸೇವೆಗೆ ಬಂದರು. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, 1910ರಲ್ಲಿ ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ವರ್ಣಿಸಿದರು. ಅದುವರೆಗೆ ಮಲೆನಾಡಿನಲ್ಲಿ ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೊಂದೇ ಉಪಾಯವಾಗಿತ್ತು. ಕೊಟ್ಟೆಯ ಜಾಗಕ್ಕೆ ಬೋರ್ಡೋ ಬಂತು. ಕೋಲ್ಮನ್ ಕೃಷಿ ಇಲಾಖೆಯ ನಿರ್ದೇಶಕರಾಗಿದ್ದಾಗಲೇ, 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಅದರ ಮುಂದುವರಿಕೆ. ತುಕ್ಕು ಶಿಲೀಂಧ್ರದಲ್ಲಿ ಹಲವು ಪ್ರಭೇದಗಳಿವೆಯೆಂದು 1930ರ ದಶಕದಲ್ಲಿ ಮೇನ್ ಅವರು ತೋರಿಸಿದ್ದು ಇಲ್ಲಿಯೇ.

ಕಣ್ಣಿನಲ್ಲಿ ಕಂಡ ಉಂಗುರ

ಕೋಲ್ಮನ್ ಮೈಸೂರಿಗೆ ಬರುವುದಕ್ಕೆ ಆರು ವರ್ಷ ಮೊದಲು, 1902ರಲ್ಲಿ, ಜರ್ಮನಿಯ ಬರ್ನ್‌ಹಾರ್ಡ್ ಕೈಸರ್ ಎಂಬ ವೈದ್ಯರು ಕೈಕಾಲು ನಡುಗುವ ರೋಗಿಯೊಬ್ಬನ ಕಣ್ಣಿನಲ್ಲಿ ವಿಚಿತ್ರವನ್ನು ಕಂಡರು. ಕಪ್ಪುಗುಡ್ಡೆಯ ಮುಂದಿರುವ ಪಾರದರ್ಶಕ ಪಟಲವಾದ ಕಾರ್ನಿಯದ ಅಂಚಿನಲ್ಲಿ ಹಸಿರು ಮಿಶ್ರಿತ ಕಂದು ಬಣ್ಣದ ಉಂಗುರವಿತ್ತು. ಮರುವರ್ಷ ಬ್ರೂನೋ ಫ್ಲೈಶರ್ ಇಂಥದೇ ಉಂಗುರವನ್ನು ವರದಿ ಮಾಡಿದರು. ನರಗಳ ರೋಗಕ್ಕೂ ಈ ಬಣ್ಣಕ್ಕೂ ಏನು ಸಂಬಂಧ? ಉಂಗುರದಲ್ಲಿರುವುದು ಬೆಳ್ಳಿಯಿರಬೇಕೆಂಬ ಊಹೆಯೂ ಆಗ ಇತ್ತು.

1912ರಲ್ಲಿ ಲಂಡನ್ನಿನ ನರರೋಗ ತಜ್ಞ ಕಿನಿಯರ್ ವಿಲ್ಸನ್ ಒಂದು ದೀರ್ಘ ಪ್ರಬಂಧವನ್ನು ಪ್ರಕಟಿಸಿದರು. ಯುವಕರಲ್ಲಿ ನಡುಕ, ಮಾತಿನ ತೊದಲು, ಸ್ನಾಯುಗಳ ಬಿಗಿತ ಉಂಟುಮಾಡಿ ಕೊಲ್ಲುವ ರೋಗವೊಂದರಲ್ಲಿ ಮಿದುಳಿನ ಒಂದು ಭಾಗವೂ ಪಿತ್ತಜನಕಾಂಗವೂ ಒಟ್ಟಿಗೆ ಹಾಳಾಗಿರುವುದನ್ನು ಅವರು ತೋರಿಸಿದರು. ಆ ಪ್ರಬಂಧದಲ್ಲಿ ಕಣ್ಣಿನ ಉಂಗುರದ ಮಾತಿರಲಿಲ್ಲ. ಅದೇ ವರ್ಷ ಫ್ಲೈಶರ್ ಉಂಗುರ, ನಡುಕ ಮತ್ತು ಪಿತ್ತಜನಕಾಂಗ ಮೂರನ್ನೂ ಒಂದೇ ರೋಗದ ಲಕ್ಷಣಗಳೆಂದು ಜೋಡಿಸಿದರು. ಕೈಸರ್-ಫ್ಲೈಶರ್ ಉಂಗುರ ಎಂಬ ಹೆಸರು ಹೀಗೆ ಬಂತು. ರೋಗಕ್ಕೆ ವಿಲ್ಸನ್ ಕಾಯಿಲೆ ಎಂಬ ಹೆಸರು ನಿಂತಿತು.

ಇದಕ್ಕೆ ಹೊಸ ಉಪಕರಣವೊಂದರ ನೆರವೂ ದೊರೆಯಿತು. 1911ರಲ್ಲಿ ಸ್ವೀಡನ್ನಿನ ಗುಲ್‌ಸ್ಟ್ರಾಂಡ್ ಸ್ಲಿಟ್ ಲ್ಯಾಂಪ್ ಎಂಬ ಸಾಧನವನ್ನು ಪರಿಚಯಿಸಿದರು. ಕಿರಿದಾದ ಬೆಳಕಿನ ಪಟ್ಟಿಯನ್ನು ಕಣ್ಣಿನ ಮೇಲೆ ಬೀಳಿಸಿದಾಗ ಕಾರ್ನಿಯದ ಪದರಗಳು ಬೇರೆಬೇರೆಯಾಗಿ ಕಾಣುತ್ತವೆ. ಉಂಗುರವಿರುವುದು ಕಾರ್ನಿಯದ ಒಳಭಾಗದ ಡೆಸಿಮೆಟ್ ಪೊರೆಯಲ್ಲಿ. ಅದು ಸಾಮಾನ್ಯವಾಗಿ ಮೇಲಂಚಿನಲ್ಲಿ ಮೊದಲು ಮೂಡಿ, ನಂತರ ಕೆಳಗೆ, ಕೊನೆಗೆ ಸುತ್ತಲೂ ತುಂಬುತ್ತದೆ. ಆದ್ದರಿಂದ ಮೇಲಿನ ರೆಪ್ಪೆಯನ್ನು ಎತ್ತದೆ ನೋಡಿದರೆ ತಪ್ಪಿಹೋಗಬಹುದು. ಉಂಗುರದಿಂದ ದೃಷ್ಟಿಗೇನೂ ತೊಂದರೆಯಿಲ್ಲ. ರೋಗಿಗೆ ಅದು ಇರುವುದೇ ಗೊತ್ತಾಗುವುದಿಲ್ಲ.

ಲೋಹ ಯಾವುದೆಂಬ ಪ್ರಶ್ನೆಗೆ ಮುಖ್ಯ ಸುಳಿವು ಬಂದದ್ದು ಕೂಡ ಕಣ್ಣಿನಿಂದಲೇ. ತಾಮ್ರದ ಚೂರು ಹೊಕ್ಕ ಕಣ್ಣಿನ ಮಸೂರದಲ್ಲಿ ಸೂರ್ಯಕಾಂತಿ ಹೂವಿನ ಆಕಾರದ ಪೊರೆ ಮೂಡುವುದು ಆಗಲೇ ತಿಳಿದಿತ್ತು. 1922ರಲ್ಲಿ ಸೀಮರ್ಲಿಂಗ್ ಮತ್ತು ಓಲೋಫ್ ಇಂಥದೇ ಪೊರೆಯನ್ನು, ಯಾವ ಚೂರೂ ಹೊಕ್ಕಿರದ ವಿಲ್ಸನ್ ಕಾಯಿಲೆಯ ರೋಗಿಯಲ್ಲಿ ಕಂಡರು. ಹೊರಗಿನಿಂದ ತಾಮ್ರ ಬಂದಿಲ್ಲವೆಂದರೆ ಒಳಗಿನಿಂದಲೇ ಬಂದಿರಬೇಕಲ್ಲವೇ? ಆದರೂ ಪೂರ್ಣ ಪುರಾವೆಗೆ ಇನ್ನೂ ಎರಡು ದಶಕ ಬೇಕಾಯಿತು. 1945ರಲ್ಲಿ ಗ್ಲೇಜ್‌ಬ್ರೂಕ್, 1948ರಲ್ಲಿ ಕಮಿಂಗ್ಸ್ ಮಿದುಳು ಮತ್ತು ಪಿತ್ತಜನಕಾಂಗದಲ್ಲಿ ತಾಮ್ರ ತೀರ ಹೆಚ್ಚಾಗಿರುವುದನ್ನು ಅಳೆದು ತೋರಿಸಿದರು. ಅದೇ 1948ರಲ್ಲಿ ಸ್ವೀಡನ್ನಿನ ಹೋಲ್ಮ್‌ಬರ್ಗ್ ಮತ್ತು ಲಾರೆಲ್ ರಕ್ತದಲ್ಲಿ ತಾಮ್ರವನ್ನು ಹೊತ್ತಿರುವ ನೀಲಿ ಬಣ್ಣದ ಪ್ರೋಟೀನನ್ನು ಬೇರ್ಪಡಿಸಿ, ಸೆರುಲೋಪ್ಲಾಸ್ಮಿನ್ ಎಂದು ಕರೆದರು. ವಿಲ್ಸನ್ ಕಾಯಿಲೆಯ ಬಹುಪಾಲು ರೋಗಿಗಳಲ್ಲಿ ಇದರ ಪ್ರಮಾಣ ಕಡಿಮೆ.

ಮುಚ್ಚಿದ ಬಾಗಿಲು ಯಾವುದೆಂಬುದು 1993ರಲ್ಲಿ ತಿಳಿಯಿತು. 13ನೆಯ ವರ್ಣತಂತುವಿನಲ್ಲಿರುವ ಒಂದು ಜೀನ್, ತಾಮ್ರವನ್ನು ಪಿತ್ತರಸಕ್ಕೆ ದಾಟಿಸುವ ಪ್ರೋಟೀನನ್ನು ತಯಾರಿಸುತ್ತದೆ. ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬಂದ ಮಗುವಿನಲ್ಲಿ ತಾಮ್ರ ಹೊರಹೋಗದೆ ಮೊದಲು ಪಿತ್ತಜನಕಾಂಗದಲ್ಲಿ, ಅದು ತುಂಬಿದ ಮೇಲೆ ಮಿದುಳು ಮತ್ತು ಕಣ್ಣಿನಲ್ಲಿ ಸೇರುತ್ತದೆ. ಸುಮಾರು 30,000 ಜನರಲ್ಲಿ ಒಬ್ಬರಿಗೆ ಈ ಕಾಯಿಲೆಯಿರುತ್ತದೆಂದು ಸಾಮಾನ್ಯ ಅಂದಾಜು. ರಕ್ತಸಂಬಂಧದ ಮದುವೆ ಹೆಚ್ಚಿರುವಲ್ಲಿ ಇದರ ಸಂಭವವೂ ಹೆಚ್ಚು.

ಲೋಹವನ್ನು ಹೊರತೆಗೆಯುವ ದಾರಿ

ಮೊದಲ ಚಿಕಿತ್ಸೆ ಯುದ್ಧದ ಕೂಸು. ಎರಡನೆಯ ಮಹಾಯುದ್ಧದಲ್ಲಿ ಆರ್ಸೆನಿಕ್ ಇರುವ ವಿಷಾನಿಲಕ್ಕೆ ಪ್ರತಿಯಾಗಿ ಆಕ್ಸ್‌ಫರ್ಡ್‌ನಲ್ಲಿ ರೂಪಿಸಿದ ಔಷಧ ತಾಮ್ರವನ್ನೂ ಹಿಡಿದು ಹೊರಗೆ ತರುವುದೆಂದು 1951ರಲ್ಲಿ ವಿಲ್ಸನ್ ಕಾಯಿಲೆಗೆ ಬಳಸಿದರು. ಆದರೆ ಅದು ನೋವಿನ ಇಂಜೆಕ್ಷನ್. 1956ರಲ್ಲಿ ಬ್ರಿಟನ್ನಿನ ಜಾನ್ ವಾಲ್ಶ್ ಬಾಯಿಂದ ಸೇವಿಸಬಹುದಾದ ಪೆನಿಸಿಲಮೈನನ್ನು ತಂದರು. ಅದನ್ನು ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದರು. ಅಲ್ಲಿಯವರೆಗೆ ಸಾವೇ ಕೊನೆಯಾಗಿದ್ದ ಕಾಯಿಲೆ ಅಂದಿನಿಂದ ಹಿಡಿತಕ್ಕೆ ಬಂತು.

ಮೂರನೆಯ ಔಷಧ ಇನ್ನೊಂದು ಲೇಶಲೋಹ: ಸತು. ಸತು ಕರುಳಿನ ಜೀವಕೋಶಗಳಲ್ಲಿ ಮೆಟಲೋಥಯೋನೀನ್ ಎಂಬ ಪ್ರೋಟೀನನ್ನು ಹೆಚ್ಚಿಸುತ್ತದೆ. ಆ ಪ್ರೋಟೀನು ತಾಮ್ರವನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಹೋಗಲು ಬಿಡದು. ಕೋಶ ಉದುರಿದಾಗ ತಾಮ್ರವೂ ಮಲದಲ್ಲಿ ಹೋಗುತ್ತದೆ. 1960ರ ದಶಕದ ಆರಂಭದಲ್ಲಿ ನೆದರ್ಲೆಂಡಿನಲ್ಲಿ ಇದರ ಪ್ರಯೋಗ ನಡೆಯಿತು. ಚಿಕಿತ್ಸೆ ಸರಿಯಾಗಿ ನಡೆದರೆ ಕಣ್ಣಿನ ಉಂಗುರವೂ ವರ್ಷಗಳಲ್ಲಿ ನಿಧಾನವಾಗಿ ಮಾಸುತ್ತದೆ. ಹಾಗಾಗಿ ಕಣ್ಣು ರೋಗವನ್ನು ತೋರಿಸುವುದಷ್ಟೇ ಅಲ್ಲ, ಗುಣವನ್ನೂ ತೋರಿಸುತ್ತದೆ.

ಶಿಕ್ಷಕರಿಗೊಂದು ಮಾತು

ನಮ್ಮ ರಾಜ್ಯದಲ್ಲಿ ಈ ಕಾಯಿಲೆಯನ್ನು ಬೆಂಗಳೂರಿನ ನಿಮ್ಹಾನ್ಸ್ ದೀರ್ಘಕಾಲದಿಂದ ಅಭ್ಯಾಸ ಮಾಡುತ್ತ ಬಂದಿದೆ. ಮೂರು ದಶಕಗಳಲ್ಲಿ ಪರೀಕ್ಷಿಸಿದ 282 ರೋಗಿಗಳ ವಿವರಗಳನ್ನು ಅಲ್ಲಿನ ತಜ್ಞರು 2007ರಲ್ಲಿ ಪ್ರಕಟಿಸಿದರು. ಜಗತ್ತಿನ ದೊಡ್ಡ ಅಧ್ಯಯನಗಳಲ್ಲಿ ಅದೂ ಒಂದು. ನಡುಕ ಮುಂತಾದ ನರಲಕ್ಷಣಗಳಿರುವವರಲ್ಲಿ ಬಹುತೇಕ ಎಲ್ಲರಿಗೂ ಉಂಗುರವಿರುತ್ತದೆ. ಬರೀ ಪಿತ್ತಜನಕಾಂಗದ ತೊಂದರೆಯಿರುವವರಲ್ಲಿ ಹಲವರಿಗೆ ಇರುವುದಿಲ್ಲ. ಪಿತ್ತಜನಕಾಂಗದ ಬೇರೆ ಕೆಲವು ಕಾಯಿಲೆಗಳಲ್ಲೂ ಅಪರೂಪಕ್ಕೆ ಇಂಥ ಉಂಗುರ ಕಾಣಬಹುದು. ಆದ್ದರಿಂದ ರಕ್ತದ ಸೆರುಲೋಪ್ಲಾಸ್ಮಿನ್ ಮತ್ತು 24 ಗಂಟೆಯ ಮೂತ್ರದಲ್ಲಿನ ತಾಮ್ರವನ್ನೂ ಪರೀಕ್ಷಿಸುತ್ತಾರೆ.

ಈ ಕಾಯಿಲೆ ಬಹಳಷ್ಟು ಸಲ ಶಾಲೆ, ಕಾಲೇಜಿನ ವಯಸ್ಸಿನಲ್ಲಿ ಹೊರಬೀಳುತ್ತದೆ ಎಂಬುದನ್ನು ಗಮನಿಸಿ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಕಳೆದ ವರ್ಷದವರೆಗೆ ಮುತ್ತಿನಂಥ ಅಕ್ಷರ, ಈ ವರ್ಷ ಓದಲಾಗದ ಬರಹ. ಮಾತು ತೊದಲುತ್ತಿದೆ, ಬಾಯಲ್ಲಿ ಜೊಲ್ಲು, ಕಾರಣವಿಲ್ಲದ ಸಿಟ್ಟು ಅಥವಾ ಅಳು, ಅಂಕಗಳು ಇಳಿದಿವೆ. ಹಿಂದೊಮ್ಮೆ ಕಾಮಾಲೆ ಬಂದು ಹೋಗಿತ್ತು. ಮನೆಯವರು ದೃಷ್ಟಿಯಾಗಿದೆ, ಗಾಳಿ ಸೋಕಿದೆ ಎಂದು ಹರಕೆ ಹೊರುತ್ತಾರೆ. ಶಾಲೆಯಲ್ಲಿ ಸೋಮಾರಿಯೆಂಬ ಹೆಸರು ಬರುತ್ತದೆ. ಇಂಥ ಲಕ್ಷಣಗಳಿಗೆ ಬೇರೆ ಕಾರಣಗಳೂ ಇರಬಹುದು. ಆದರೆ ಹಳೆಯ ಮತ್ತು ಹೊಸ ಪುಸ್ತಕಗಳೆರಡನ್ನೂ ನೋಡಿದವರು, ಬದಲಾವಣೆಯನ್ನು ಮೊದಲು ಗುರುತಿಸಬಲ್ಲವರು ನೀವು. ಒಂದು ಸ್ಲಿಟ್ ಲ್ಯಾಂಪ್ ಪರೀಕ್ಷೆಗೆ ಕೆಲವೇ ನಿಮಿಷ ಸಾಕು. ತಡವಾದಷ್ಟೂ ಮಿದುಳಿಗೆ ಆದ ಹಾನಿ ಉಳಿದುಬಿಡುತ್ತದೆ. ಒಬ್ಬರಲ್ಲಿ ಕಾಯಿಲೆ ಖಚಿತವಾದರೆ ಅವರ ಒಡಹುಟ್ಟಿದವರನ್ನೂ ಪರೀಕ್ಷಿಸಲೇಬೇಕು; ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಂಭವವಿರುತ್ತದೆ. ಲಕ್ಷಣ ಕಾಣುವ ಮೊದಲೇ ಚಿಕಿತ್ಸೆ ಆರಂಭಿಸಿದವರು ಎಲ್ಲರಂತೆ ಬಾಳಬಲ್ಲರು. ಆದರೆ ಔಷಧವನ್ನು ಜೀವನಪರ್ಯಂತ ಬಿಡಬಾರದು.

ಹಾಗಾದರೆ ಬೋರ್ಡೋ ಹೊಡೆಯುವವರಿಗೆ?

ಕಾಫಿ ಸೀಮೆಯ ವಿದ್ಯಾರ್ಥಿಗಳು ಕೇಳಬಹುದಾದ ಪ್ರಶ್ನೆಯಿದು: ತೋಟದ ತಾಮ್ರದಿಂದ ಈ ಕಾಯಿಲೆ ಬರುತ್ತದೆಯೇ? ಇಲ್ಲ. ವಿಲ್ಸನ್ ಕಾಯಿಲೆ ಹುಟ್ಟಿನಿಂದ ಬಂದ ಜೀನ್ ದೋಷ. ಆರೋಗ್ಯವಂತರ ಪಿತ್ತಜನಕಾಂಗ ಹೆಚ್ಚುವರಿ ತಾಮ್ರವನ್ನು ಹೊರಹಾಕುತ್ತದೆ. ಹಾಗೆಂದು ತಾಮ್ರ ನಿರಪಾಯಕಾರಿಯಲ್ಲ. ಪೋರ್ಚುಗಲ್ಲಿನಲ್ಲಿ ದ್ರಾಕ್ಷಿಗೆ ವರ್ಷಗಟ್ಟಲೆ ಬೋರ್ಡೋ ಹೊಡೆದವರ ಶ್ವಾಸಕೋಶಗಳಲ್ಲಿ ತಾಮ್ರ ಸೇರಿ ಉಂಟಾದ ರೋಗವನ್ನು 1969ರಲ್ಲಿ ಪಿಮೆಂಟೆಲ್ ಮತ್ತು ಮಾರ್ಕೆಸ್ ವರದಿ ಮಾಡಿದರು. ನಮ್ಮ ದೇಶದಲ್ಲಿ ಕಲಾಯಿಯಿಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲಿಗೂ ಹಸುಗೂಸುಗಳ ಪಿತ್ತಜನಕಾಂಗದ ಒಂದು ಮಾರಕ ಕಾಯಿಲೆಗೂ ಸಂಬಂಧವಿರಬಹುದೆಂದು 1983ರಲ್ಲಿ ಸಂಶೋಧಕರು ತೋರಿಸಿದರು. ಪಾತ್ರೆಗೆ ಕಲಾಯಿ ಹಾಕಿಸುತ್ತಿದ್ದ ನಮ್ಮ ಅಜ್ಜಿಯರ ಪದ್ಧತಿಗೆ ಅರ್ಥವಿತ್ತು.

ಕಣ್ಣಿನ ಮಟ್ಟಿಗೆ ಡ್ರಮ್ಮಿನ ಬಳಿ ಇರುವ ದೊಡ್ಡ ಅಪಾಯ ತಾಮ್ರಕ್ಕಿಂತ ಸುಣ್ಣದ್ದು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಅದು ಕುದಿದು ಸಿಡಿಯುತ್ತದೆ. ಕ್ಷಾರವು ಜೀವಕೋಶ ಪೊರೆಯ ಕೊಬ್ಬನ್ನು ಸಾಬೂನಾಗಿಸಿ ಕಾರ್ನಿಯದ ಆಳಕ್ಕೆ ಇಳಿಯುತ್ತದೆ. ಆಮ್ಲಕ್ಕಿಂತ ಇದು ಹೆಚ್ಚು ಅಪಾಯಕಾರಿ. ಕಣ್ಣಿಗೆ ಬಿದ್ದ ಕೂಡಲೇ, ಆಸ್ಪತ್ರೆಗೆ ಓಡುವ ಮೊದಲೇ, ರೆಪ್ಪೆ ಬಿಡಿಸಿ ಶುದ್ಧ ನೀರಿನಿಂದ ಕನಿಷ್ಠ 15ರಿಂದ 20 ನಿಮಿಷ ತೊಳೆಯಬೇಕು. ನಿಂಬೆರಸ, ಹಾಲು, ಎಣ್ಣೆ ಯಾವುದೂ ಬೇಡ. ದ್ರಾವಣ ತಯಾರಿಸುವವರಿಗೆ ಕನ್ನಡಕ, ಒಂದು ಕೊಡ ಶುದ್ಧ ನೀರು, ಇವೆರಡಕ್ಕೆ ಖರ್ಚು ಬಹಳವಿಲ್ಲ.

ಇದೇ ಮೈಲುತುತ್ತ ಒಂದು ಕಾಲಕ್ಕೆ ಕಣ್ಣಿನ ಔಷಧವೂ ಆಗಿತ್ತು. ಟ್ರಕೋಮ ರೋಗಕ್ಕೆ ತುತ್ತದ ಕಡ್ಡಿಯಿಂದ ರೆಪ್ಪೆಯ ಒಳಭಾಗವನ್ನು ಉಜ್ಜುತ್ತಿದ್ದರು. 1930ರ ದಶಕದ ಕೊನೆಯಲ್ಲಿ ಸಲ್ಫಾ ಔಷಧಗಳು ಬಂದ ಮೇಲೆ ಆ ಉರಿ ತಪ್ಪಿತು. ಭಾರತದಲ್ಲಿ ಟ್ರಕೋಮ ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಉಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ಘೋಷಿಸಿತು.

ಕಬ್ಬಿಣ, ಸತು

ಕಳಸದಿಂದ ಮುಂದೆ ಕುದುರೆಮುಖದಲ್ಲಿ 2005ರ ಕೊನೆಯವರೆಗೆ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಕಬ್ಬಿಣಕ್ಕೂ ಕಣ್ಣಿಗೂ ತನ್ನದೇ ನಂಟಿದೆ. ಕತ್ತಿ ಸಾಣೆ ಹಿಡಿಯುವಾಗ, ಕಳೆ ಕತ್ತರಿಸುವ ಯಂತ್ರ ಕಲ್ಲಿಗೆ ತಾಗಿದಾಗ ಹಾರಿದ ಕಬ್ಬಿಣದ ಚೂರು ಕಣ್ಣಿನೊಳಗೆ ಉಳಿದರೆ, ಅದು ನಿಧಾನವಾಗಿ ಕರಗಿ ಅಕ್ಷಿಪಟಲವನ್ನು ಹಾಳುಮಾಡುತ್ತದೆ. ಚೂರು ಹೊಕ್ಕ ದಿನ ನೋವು ಕಡಿಮೆಯಿರಬಹುದು. ತಿಂಗಳುಗಳ ನಂತರ ದೃಷ್ಟಿ ಹೋಗಬಹುದು. ಕಾರ್ನಿಯ ಶಂಕುವಿನಂತೆ ಉಬ್ಬುವ ಕಾಯಿಲೆಯಲ್ಲೂ ಕಂದು ಉಂಗುರವೊಂದು ಕಾಣುತ್ತದೆ. ಅದು ಕಬ್ಬಿಣದ್ದು. ಅದನ್ನು 1906ರಲ್ಲಿ ವರ್ಣಿಸಿದವರೂ ಅದೇ ಫ್ಲೈಶರ್!

ಸತುವಿನ ಕೊರತೆಯಾದರೆ ಪಿತ್ತಜನಕಾಂಗದಲ್ಲಿರುವ ಎ ಜೀವಸತ್ವ ಕಣ್ಣಿಗೆ ಸರಿಯಾಗಿ ತಲುಪದೆ ಇರುಳುಗುರುಡು ಉಂಟಾಗಬಹುದು. ಅಮೆರಿಕದಲ್ಲಿ ನಡೆದು 2001ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ, ಮುಪ್ಪಿನಿಂದ ಅಕ್ಷಿಪಟಲದ ನಡುಭಾಗ ಸವೆಯುವ ಕಾಯಿಲೆ ಮಧ್ಯಮ ಹಂತ ತಲುಪಿದವರಿಗೆ, ದಿನಕ್ಕೆ 80 ಮಿಲಿಗ್ರಾಂ ಸತುವನ್ನು ಕೆಲವು ಜೀವಸತ್ವಗಳ ಜೊತೆ ಕೊಟ್ಟಾಗ ರೋಗ ಉಲ್ಬಣಿಸುವ ಸಂಭವ ಸುಮಾರು ಕಾಲುಭಾಗ ತಗ್ಗಿತು. ಆ ಗುಳಿಗೆಯಲ್ಲಿ 2 ಮಿಲಿಗ್ರಾಂ ತಾಮ್ರವನ್ನೂ ಸೇರಿಸಿದ್ದರು. ಏಕೆಂದು ನೀವೀಗ ಹೇಳಬಲ್ಲಿರಿ. ಅಷ್ಟು ಸತು ಕರುಳಿನಲ್ಲಿ ತಾಮ್ರವನ್ನು ತಡೆದು ರಕ್ತಹೀನತೆ ತರಬಹುದು. ವಿಲ್ಸನ್ ರೋಗಿಗೆ ವರವಾದ ಗುಣ ಇಲ್ಲಿ ತೊಡಕು. ವೈದ್ಯರ ಸಲಹೆಯಿಲ್ಲದೆ ಸತುವಿನ ಮಾತ್ರೆ ನುಂಗಬಾರದೆನ್ನುವುದು ಇದಕ್ಕಾಗಿಯೇ.

ಕಾಫಿ ಗಿಡಕ್ಕೂ ಈ ಲೆಕ್ಕ ಹೊಸತಲ್ಲ. ಅದೇ ತೋಟದಲ್ಲಿ ತುಕ್ಕಿಗೆ ತಾಮ್ರ ಹೊಡೆಯುವವರು ಕೊರತೆ ಕಂಡಲ್ಲಿ ಎಲೆಗೆ ಸತುವಿನ ಸಲ್ಫೇಟ್ ಹೊಡೆಯುತ್ತಾರೆ. ಮಣ್ಣಿಗೆ ಬಿದ್ದ ತಾಮ್ರ ಕೊಳೆತು ಹೋಗುವ ವಸ್ತುವಲ್ಲ. ಮೇಲ್ಮಣ್ಣಿನಲ್ಲಿ ವರ್ಷವರ್ಷವೂ ಸೇರುತ್ತ ಹೋಗುತ್ತದೆ. ಅದನ್ನು ಹೊರಹಾಕಲು ಮಣ್ಣಿಗೆ ಪಿತ್ತಜನಕಾಂಗವಿಲ್ಲ.

ನಿಮ್ಮ ಶಾಲೆಯಲ್ಲಿ ಒಂದು ಸರಳ ಪ್ರಯೋಗ ಮಾಡಿ. ಸುಣ್ಣ ಸಾಕಾಗಿದೆಯೇ ಎಂದು ತಿಳಿಯಲು ಬೋರ್ಡೋ ದ್ರಾವಣದಲ್ಲಿ ತೋಟದವರು ಹೊಳೆಯುವ ಕಬ್ಬಿಣದ ಚಾಕುವನ್ನು ಅದ್ದಿ ನೋಡುತ್ತಾರೆ. ಬ್ಲೇಡಿನ ಮೇಲೆ ಕೆಂಪು ಲೇಪ ಬಂದರೆ ಕರಗಿದ ತಾಮ್ರ ಉಳಿದಿದೆ, ಇನ್ನಷ್ಟು ಸುಣ್ಣ ಬೇಕೆಂದು ಅರ್ಥ. ಕನ್ನಡಕ ಹಾಕಿಕೊಂಡು ಮಕ್ಕಳಿಗೆ ಇದನ್ನು ತೋರಿಸಿ, ಆಮೇಲೆ ಉಂಗುರದ ಕಥೆಯನ್ನೂ ಹೇಳಿ. ಬಿಡಿ ತಾಮ್ರ ಎಲ್ಲಿ ಉಳಿಯಿತೋ ಅಲ್ಲಿ ಗುರುತು ಬಿಡುತ್ತದೆ. ಚಾಕುವಿನ ಮೇಲಾದರೂ ಸರಿ, ಕಣ್ಣಿನಲ್ಲಾದರೂ ಸರಿ, ಆ ಗುರುತನ್ನು ನೋಡಿ ತಿಳಿಯುವವರು ಬೇಕು.